ಮಾತಾಡಬಾರದ ಆಶ್ರಮ

ಅರವತ್ತು ದಾಟಿದ ಮೇಲೆ ಗಂಡಸಿಗೆ ಮಂಡಿನೋವು ಬರುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ, ದೇವರ ಮೇಲೆ ಭಕ್ತಿ ಬರುತ್ತದೆ. ನಮ್ಮ ಶ್ಯಾಮಣ್ಣನಿಗೆ ಬಂದದ್ದು ಹೊಟ್ಟೆಕಿಚ್ಚು. ಅದೂ ಪಕ್ಕದ ಸೈಟಿನವನು ಇನ್ನೊಂದು ಮಹಡಿ ಎಬ್ಬಿಸಿದ ಅಂತಲೋ, ದಾಯಾದಿಯ ಜಮೀನಿಗೆ ಒಳ್ಳೆ ರೇಟು ಬಂತು ಅಂತಲೋ ಆಗಿದ್ದರೆ ಊರಿಗೆ ಅರ್ಥವಾಗುತ್ತಿತ್ತು. ಇವನ ಹೊಟ್ಟೆ ಉರಿಯುತ್ತಿದ್ದದ್ದು ತನ್ನದೇ ಕಟ್ಟಡದ ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದ, ಜೋಳದ ರೊಟ್ಟಿ ತಟ್ಟಿ ಮಾರುವ ಮಹಾದೇವಿ ಎಂಬ ಹೆಂಗಸಿನ ಮೇಲೆ. ಕಾರಣ ಇಷ್ಟೇ, ಅವನ ಹೆಂಡತಿ ಭದ್ರಮ್ಮ ಅವಳ ಜೊತೆ ಕೂತು ನಗುತ್ತಿದ್ದಳು.

ಬ್ರೂಕ್‌ಫೀಲ್ಡಿನ ದೊಡ್ಡ ಅಪಾರ್ಟ್‌ಮೆಂಟುಗಳ ಬೆನ್ನಿಗೆ ಅಂಟಿಕೊಂಡಿರುವ ಹಳೇ ಊರಿನವನು ಶ್ಯಾಮಣ್ಣ. ಅವನಪ್ಪ ರಾಗಿ, ಅವರೆ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಕಂಪನಿಯವರ ಕಾರುಗಳು ನಿಲ್ಲುತ್ತವೆ. ಉಳಿದ ಜಾಗದಲ್ಲಿ ಎದ್ದ ಕಟ್ಟಡದ ಕೆಳಮನೆಯಲ್ಲಿ ಗಂಡ ಹೆಂಡತಿ, ಮೇಲೆಲ್ಲ ಬಾಡಿಗೆಯವರು. ಬೆಳಗಾಗೆದ್ದು ಮೋಟರು ಹಾಕುವುದು, ಟ್ಯಾಂಕರಿನವನ ಜೊತೆ ಜಗಳ ಆಡುವುದು, ಗೇಟಿಗೆ ಅಡ್ಡ ನಿಲ್ಲಿಸಿದ ಬೈಕಿನವನಿಗೆ ಬಯ್ಯುವುದು ಅವನ ಉದ್ಯೋಗ. ಮನೆ ಕೇಳಿಕೊಂಡು ಬಂದವರ ಸಂಬಳ ವಿಚಾರಿಸುವ ಮೊದಲು ಅವರು ಚಪ್ಪಲಿ ಹೇಗೆ ಬಿಡುತ್ತಾರೆ ಅಂತ ನೋಡುತ್ತಿದ್ದ. ಜೋಡಿಸಿ ಬಿಟ್ಟವರಿಗೆ ಮನೆ. ಒದ್ದು ಬಿಟ್ಟವರಿಗೆ, ಆಗಲೇ ಯಾರೋ ಅಡ್ವಾನ್ಸ್ ಕೊಟ್ಟವ್ರೆ ಎಂಬ ಉತ್ತರ. ಮಹಾದೇವಿ ಮನೆ ನೋಡಲು ಬಂದ ದಿನ ತನ್ನ ಚಪ್ಪಲಿಯ ಜೊತೆಗೆ ಮಗಳು ಅಳಿಯನ ಚಪ್ಪಲಿಯನ್ನೂ ಗೋಡೆಗೆ ಸೇರಿಸಿ ಜೋಡಿಸಿಟ್ಟಳು. ಅದನ್ನು ಕಂಡು ಮೆಚ್ಚಿ ಬೀಗದ ಕೈ ಕೊಟ್ಟವನು ಶ್ಯಾಮಣ್ಣನೇ. ದಾರಿಯಲ್ಲಿ ಹೋಗುತ್ತಿದ್ದ ಮಾರಿಯನ್ನು ಮನೆಗೆ ಕರೆದುಕೊಂಡೆನಲ್ಲ ಅಂತ ಈಗ ಅವನ ಗೋಳು.

ಮಹಾದೇವಿ ಬಾದಾಮಿ ಕಡೆಯವಳು. ಗಂಡ ತೀರಿಕೊಂಡ ಮೇಲೆ ಮಗಳು ವೇಣಿಯ ಜೊತೆ ಬಂದು ನಿಂತವಳು. ವೇಣಿ, ಅವಳ ಗಂಡ ಇಬ್ಬರೂ ವೈಟ್‌ಫೀಲ್ಡಿನ ಕಂಪನಿಗಳಲ್ಲಿ ಕೆಲಸಕ್ಕಿದ್ದರು. ಬೆಳಗ್ಗೆ ಅವರು ಕ್ಯಾಬ್ ಹತ್ತಿದರೆ ಮನೆ ಬಣಬಣ. ಸುಮ್ಮನೆ ಕೂರಲಾರದೆ ಮಹಾದೇವಿ ಸುತ್ತಲಿನ ಪಿಜಿಗಳಿಗೆ ರೊಟ್ಟಿ ತಟ್ಟಿಕೊಡಲು ಶುರು ಮಾಡಿದಳು. ಆ ಟಪಟಪ ಸದ್ದು ಏನು ಅಂತ ನೋಡಲು ಹೋದ ಭದ್ರಮ್ಮ ಅಲ್ಲೇ ಮಣೆ ಹಾಕಿಕೊಂಡು ಕೂತುಬಿಟ್ಟಳು. ಅಂದಿನಿಂದ ಸಂಜೆಯಾದರೆ ಇಬ್ಬರೂ ತಾರಸಿಯ ಮೇಲೆ. ಒಬ್ಬಳ ಮಡಿಲಲ್ಲಿ ಸೊಪ್ಪು, ಇನ್ನೊಬ್ಬಳ ಮಡಿಲಲ್ಲಿ ಅವರೆಕಾಯಿ, ಇಬ್ಬರ ಬಾಯಲ್ಲೂ ಮುಗಿಯದ ಮಾತು. ನಡುನಡುವೆ ಭದ್ರಮ್ಮ ನಗುತ್ತಿದ್ದಳು. ನೆಂಟರಿಷ್ಟರ ಮುಂದೆ ಸೆರಗು ಅಡ್ಡ ಹಿಡಿದು ನಗುವ ನಗುವಲ್ಲ, ಹೊಟ್ಟೆ ಹಿಡಿದುಕೊಂಡು ಕಣ್ಣೊರೆಸಿಕೊಂಡು ನಗುವ ನಗು.

ಆ ನಗುವನ್ನು ಶ್ಯಾಮಣ್ಣ ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಗಂಡಹೆಂಡಿರ ನಡುವಿನ ಮಾತೆಲ್ಲ ಮೋಟರು, ಗ್ಯಾಸು, ಹೆಣ್ಣುಮಕ್ಕಳ ಬಾಣಂತನ, ಮೂರನೇ ಮನೆಯವರ ಸೋರುವ ನಲ್ಲಿ, ಇಷ್ಟರಲ್ಲೇ ಮುಗಿದಿತ್ತು. ಅವನಿಗೂ ಅದೇ ಸಂಸಾರ ಅನ್ನಿಸಿತ್ತು. ಈಗ ಟ್ಯಾಂಕು ನೋಡುವ ನೆಪದಲ್ಲಿ ಮೆಟ್ಟಿಲ ತಿರುವಿನಲ್ಲಿ ನಿಂತು ಕಿವಿ ಕೊಡತೊಡಗಿದ. ಅವನು ಮೇಲೆ ಕಾಲಿಟ್ಟ ಕೂಡಲೇ ನಗು ನಿಲ್ಲುತ್ತಿತ್ತು. ಏನೇ ಅದು ಅಷ್ಟೊಂದು ನಗು ಅಂತ ಕೇಳಿದರೆ ಭದ್ರಮ್ಮ, ಏನಿಲ್ಲ ಕಣ್ರೀ ಸುಮ್ನೆ, ಅನ್ನುತ್ತಿದ್ದಳು. ಆ ‘ಸುಮ್ನೆ’ ಕೇಳಿದರೆ ಅವನಿಗೆ ಮೈಗೆಲ್ಲ ಖಾರದಪುಡಿ ಎರಚಿದಂತಾಗುತ್ತಿತ್ತು. ಸುಮ್ಮನೆ ಯಾರಾದರೂ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಾರೆಯೇ? ತನ್ನನ್ನೇ ಆಡಿಕೊಂಡು ನಗುತ್ತಿದ್ದಾರೆ ಅಂತ ಒಂದು ದಿನ ಅನ್ನಿಸಿತು. ಮರುದಿನ ಅದಕ್ಕಿಂತ ಕೆಟ್ಟದ್ದು ಅನ್ನಿಸಿತು, ತನ್ನ ನೆನಪೇ ಇಲ್ಲದೆ ನಗುತ್ತಿದ್ದಾರೆ ಅಂತ.

ಇಷ್ಟಾಗುವಾಗ ಭದ್ರಮ್ಮನಿಗೆ ನಿದ್ದೆ ಬಾರದಾಯಿತು. ಮಲಗಿದರೂ ಕಣ್ಣು ಮುಚ್ಚದು, ಮುಚ್ಚಿದರೂ ಗೇಟು ಸದ್ದಾದರೆ ಎದ್ದು ಕೂರುವಳು. ಬಿ.ಪಿ. ಏರಿತು. ಡಾಕ್ಟರು ಮಾತ್ರೆ ಕೊಟ್ಟರು, ಜೊತೆಗೆ ಒಂದು ಬುದ್ಧಿಮಾತನ್ನೂ ಹೇಳಿದರು: ಮನೆ ಬಿಟ್ಟು ಎಲ್ಲಾದರೂ ಹೋಗಿ ಒಂದು ವಾರ ಇದ್ದು ಬನ್ನಮ್ಮ, ನಿಮಗೆ ಬೇಕಾಗಿರುವುದು ವಿಶ್ರಾಂತಿ. ಈ ಮಾತು ತಾರಸಿಗೆ ತಲುಪಿದ್ದೇ ತಡ, ವೇಣಿ ಅದಕ್ಕೊಂದು ಹೆಸರಿಟ್ಟಳು. ವೆಲ್‌ನೆಸ್ ವೆಕೇಶನ್. ಅವಳ ಆಫೀಸಿನಲ್ಲಿ ಎಲ್ಲರೂ ಹೋಗುತ್ತಾರಂತೆ. ಅಮ್ಮನಿಗೂ ಸೊಂಟನೋವು, ಅಮ್ಮನೂ ಆಂಟಿಯೂ ಜೊತೆಯಲ್ಲಿ ಹೋಗಲಿ, ನಾನೇ ಹುಡುಕಿಕೊಡುತ್ತೇನೆ ಅಂದಳು.

ಸುದ್ದಿ ಕೇಳಿದ ಶ್ಯಾಮಣ್ಣ ಊಟದ ತಟ್ಟೆಯಿಂದ ತಲೆ ಎತ್ತದೆ, ತಾನೂ ಬರುತ್ತೇನೆ ಅಂದ. ಭದ್ರಮ್ಮನಿಗೆ ಅದು ತಮಾಷೆಯಾಗಿ ಕಂಡಿತು.

“ನೀವ್ ಬಂದ್ರೆ ಮೋಟ್ರು ಆಕೋರ್ಯಾರು?” ಅಂದಳು.

ಅದರಲ್ಲಿ ಕೊಂಕೇನೂ ಇರಲಿಲ್ಲ. ಆದರೆ ಆ ಮಾತು ಶ್ಯಾಮಣ್ಣನದೇ ಆಗಿತ್ತು. ಧರ್ಮಸ್ಥಳಕ್ಕೆ ಹೋಗೋಣ ಅಂದಾಗ, ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದು ಬರೋಣ ಅಂದಾಗ, ಪ್ರತಿ ಸಲವೂ ಅವನು ಇದೇ ಪ್ರಶ್ನೆ ಕೇಳಿ ಅವಳನ್ನು ಮನೆಯಲ್ಲಿ ಕೂರಿಸಿದ್ದ. ಅವಳು ಅದನ್ನು ನಂಬಿಕೊಂಡೇ ಇಷ್ಟು ಕಾಲ ಬದುಕಿದ್ದಳು. ಈಗ ಏನಂತ ಅನ್ನುವುದು? ಸಾರು ಉಪ್ಪಾಗಿದೆ ಅಂತ ರೇಗಿ ಕೈ ತೊಳೆದುಕೊಂಡ.

ಅಂದಿನಿಂದ ಜಾಗ ಹುಡುಕುವ ಸಡಗರ ಶುರುವಾಯಿತು. ವೇಣಿ ಭಾನುವಾರ ಕೆಳಮನೆಗೆ ಬಂದು ಮೊಬೈಲಿನಲ್ಲಿ ಒಂದೊಂದೇ ತೋರಿಸಿದಳು. ಮೊದಲನೆಯದು ಕೊಡಗಿನ ದಾರಿಯಲ್ಲಿರುವ ಆಯುರ್ವೇದದ ರೆಸಾರ್ಟು. ಬೆಳಗ್ಗೆ ಸಂಜೆ ಎಣ್ಣೆ ಹಚ್ಚಿ ನೀವುತ್ತಾರೆ, ಈಜುಕೊಳ ಇದೆ, ರೂಮಿನ ಹಾಸಿಗೆಯ ಮೇಲೆ ಹೂವಿನ ಎಸಳು ಚೆಲ್ಲಿದ್ದಾರೆ. ಎಣ್ಣೆ ನೀವುತ್ತಾರೆ ಅಂದ ಕೂಡಲೇ ಮಹಾದೇವಿಯ ಸೊಂಟ ಅಲ್ಲಿಗೇ ಹೋಗಬೇಕು ಅಂತ ತೀರ್ಮಾನಿಸಿತು. ಭದ್ರಮ್ಮ ಮಾತ್ರ, ಯಾರೋ ಗೊತ್ತಿಲ್ಲದವರು ಮೈ ಮುಟ್ಟುವುದು ತನಗೆ ಒಗ್ಗದು, ಅದರಿಂದ ನಿದ್ದೆ ಇನ್ನಷ್ಟು ಕೆಡುತ್ತದೆ ಅಂದಳು. ಎರಡನೆಯದು ಪ್ರಕೃತಿ ಚಿಕಿತ್ಸೆಯದು. ಹೊಟ್ಟೆಗೆ ಮಣ್ಣಿನ ಪಟ್ಟಿ, ತಣ್ಣೀರಿನ ತೊಟ್ಟಿ, ಮೂರು ಹೊತ್ತೂ ಹಣ್ಣಿನ ರಸ. ಮಧ್ಯಾಹ್ನ ಮುದ್ದೆ ಬೀಳದಿದ್ದರೆ ತಲೆ ಸುತ್ತುವವಳು ತಾನು, ಉಪವಾಸ ಮಾಡಲು ಅಷ್ಟು ದೂರ ಯಾಕೆ ಹೋಗಬೇಕು ಅಂದಳು ಭದ್ರಮ್ಮ. ಮಂಡಿ ಮಡಚಿ ನೆಲದ ಮೇಲೆ ಕೂರಲಾರೆ ಅಂತಲೂ ಹೇಳಿದಳು. ಹೀಗೆ ಏನು ಬೇಡ ಅನ್ನುವುದು ಬೇಗ ಬೇಗ ತಿಳಿಯುತ್ತಿತ್ತು, ಏನು ಬೇಕು ಅನ್ನುವುದನ್ನು ಕೇಳಿದರೆ ಭದ್ರಮ್ಮ ಬಿಟ್ಟ ಕಣ್ಣು ಬಿಟ್ಟುಕೊಂಡು ಕೂರುತ್ತಿದ್ದಳು. ಅವಳನ್ನು ಯಾರೂ ಹಾಗೆ ಕೇಳಿದವರಿರಲಿಲ್ಲ.

ಮೂರನೆಯದನ್ನು ವೇಣಿ ತೋರಿಸಿ, ಇದು ಬೇಡ ಬಿಡಿ ಅಂತ ತಾನೇ ಮುಂದಕ್ಕೆ ಸರಿಸಿದಳು. ದೇವನಹಳ್ಳಿಯ ಆಚೆ ಒಂದು ಆಶ್ರಮ. ಊಟ, ಓಡಾಟ, ಧ್ಯಾನ ಎಲ್ಲವೂ ಇದೆ, ಆದರೆ ಹೋದವರು ವಾರ ಪೂರ್ತಿ ಒಂದು ಮಾತೂ ಆಡುವ ಹಾಗಿಲ್ಲ. ಇವರಿಬ್ಬರಿಗೆ ಆಗುವ ಮಾತೇ ಅಂತ ಮೂವರೂ ನಕ್ಕರು.

ಬಾಗಿಲ ಪಕ್ಕ ಪೇಪರು ಹಿಡಿದು ಕೂತಿದ್ದ ಶ್ಯಾಮಣ್ಣ ನಗಲಿಲ್ಲ. ಪೇಪರಿನ ಹಿಂದೆ ಅವನ ಮುಖ ಅರಳಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂತಾರಲ್ಲ, ಅಂಥ ಕೋಲು ತಾನಾಗಿ ಕೈಗೆ ಬಂದಿತ್ತು. ಹೋಗಬೇಡ ಅಂತ ಹೇಳಿ ಕೆಟ್ಟವನಾಗುವುದು ಬೇಡ. ಹೋಗಲಿ, ಜೊತೆಯಾಗಿಯೇ ಹೋಗಲಿ. ಬಾಯಿಗೆ ಬೀಗ ಹಾಕಿಕೊಂಡು ವಾರವಿಡೀ ಎದುರುಬದುರು ಕೂರಲಿ. ಆಮೇಲೆ ನೋಡೋಣ, ಆ ಸ್ನೇಹ ಎಷ್ಟು ದಿನ ಬಾಳುತ್ತದೆ! ಮಾತಿನಲ್ಲಿ ಹುಟ್ಟಿದ್ದು ಮಾತಿಲ್ಲದೆ ಒಣಗಲೇಬೇಕು ಅಂತ ಅವನ ಲೆಕ್ಕ.

ಮರುದಿನವೇ ಯಾರಿಗೂ ಹೇಳದೆ ಕಾರು ಹತ್ತಿಕೊಂಡು ಹೋಗಿ ಆಶ್ರಮ ನೋಡಿ ಬಂದ. ನೋಡಿದ್ದೂ ಹೇಗೆ ಅಂತೀರಿ, ಹಳೇ ಮನೆ ಓನರು ಹೊಸ ಮನೆ ನೋಡುವ ಹಾಗೆ. ನಲ್ಲಿ ತಿರುಗಿಸಿ ನೀರಿನ ರಭಸ ನೋಡಿದ. ಬೋರೋ ಟ್ಯಾಂಕರೋ ಅಂತ ವಿಚಾರಿಸಿದ. ಬಚ್ಚಲ ನೆಲ ಜಾರುತ್ತದೆಯೇ ಅಂತ ಕಾಲಿನಿಂದ ಉಜ್ಜಿದ. ಆಮೇಲೆ ಗೋಡೆಗೆ ಬೆರಳಿನಿಂದ ಕುಟ್ಟಿ ಕುಟ್ಟಿ, ಈ ರೂಮಿನಲ್ಲಿ ಆಡಿದ ಮಾತು ಆ ರೂಮಿಗೆ ಕೇಳುತ್ತದೆಯೇ ಅಂತ ಕೇಳಿದ. ಆಶ್ರಮದ ಮೇಲ್ವಿಚಾರಕರು ತಾಳ್ಮೆಯ ಮನುಷ್ಯ. ಇಲ್ಲಿ ಯಾರೂ ಮಾತೇ ಆಡುವುದಿಲ್ಲವಲ್ಲ ಅಂದರು. ಊಟಕ್ಕೆ ಕೂತಾಗ? ಆಗಲೂ ಇಲ್ಲ. ಚೀಟಿ ಬರೆದುಕೊಡಬಹುದೇ? ಇಲ್ಲ. ಕೈಸನ್ನೆ? ಅದೂ ಕೂಡದು. ಫೋನು ಮೊದಲೇ ತೆಗೆದಿಟ್ಟುಕೊಳ್ಳುತ್ತೇವೆ. ಒಂದೊಂದು ಉತ್ತರಕ್ಕೂ ಶ್ಯಾಮಣ್ಣನ ಎದೆ ತಂಪಾಯಿತು. ಕೊನೆಗೆ, ಇಬ್ಬರಿಗೂ ರೂಮು ಒಂದೇ ಸಾಲಿನಲ್ಲಿ ಬೇಡ, ಒಂದು ಈ ತುದಿಗಿರಲಿ, ಒಂದು ಆ ತುದಿಗಿರಲಿ ಅಂತ ಕೈಮುಗಿದು ಕೇಳಿಕೊಂಡ. ಮನೆಯವರ ಸಾಧನೆಯ ಬಗ್ಗೆ ಇಷ್ಟು ಕಾಳಜಿ ಇರುವ ಯಜಮಾನರನ್ನು ತಾವು ಕಂಡೇ ಇಲ್ಲ ಅಂತ ಮೇಲ್ವಿಚಾರಕರು ಗೇಟಿನವರೆಗೆ ಬಂದು ಬೀಳ್ಕೊಟ್ಟರು.

ಮನೆಗೆ ಬಂದವನು ಆಶ್ರಮದ ಗುಣಗಾನ ಶುರು ಮಾಡಿದ. ಮಧ್ಯಾಹ್ನ ಮುದ್ದೆ ಕೊಡುತ್ತಾರೆ. ಧ್ಯಾನಕ್ಕೆ ಕುರ್ಚಿ ಹಾಕುತ್ತಾರೆ, ಮಂಡಿ ಮಡಚಬೇಕಾಗಿಲ್ಲ. ಯಾರೂ ಮೈ ಮುಟ್ಟುವುದಿಲ್ಲ. ಮಾವಿನ ತೋಪಿನಲ್ಲಿ ನಡೆಯಲು ದಾರಿ ಮಾಡಿದ್ದಾರೆ, ಮಹಾದೇವಿಯ ಸೊಂಟಕ್ಕೂ ಒಳ್ಳೆಯದು. ಇದರಲ್ಲಿ ಒಂದೂ ಸುಳ್ಳಿರಲಿಲ್ಲ, ಅದೇ ಅವನ ಹೆಮ್ಮೆ. ಮಾತಾಡುವ ಹಾಗಿಲ್ಲವಲ್ಲ ಅಂತ ಮಹಾದೇವಿ ತಕರಾರು ತೆಗೆದಳು. ತಾನು ಸುಮ್ಮನಿದ್ದರೆ ಸತ್ತಿದ್ದಾಳೆ ಅಂತ ಹೊತ್ತುಕೊಂಡು ಹೋಗಿಬಿಟ್ಟಾರು ಅಂದಳು. ಭದ್ರಮ್ಮ ಮಾತ್ರ ಗಂಡನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ತನಗಾಗಿ ಅವನು ಅಷ್ಟು ದೂರ ಹೋಗಿ ಬಚ್ಚಲ ನೆಲ ಉಜ್ಜಿ ನೋಡಿ ಬಂದದ್ದು ಅವಳಿಗೆ ಹೊಸದು.

“ಇದೇ ಆಗ್ಲಿ ಬಿಡು ಮಾದೇವಿ. ಇವರು ಕಣ್ಣಾರೆ ನೋಡ್ಕಂಡ್ ಬಂದವ್ರೆ,” ಅಂದಳು.

ಮುಂದಿನ ಭಾನುವಾರ ಶ್ಯಾಮಣ್ಣನೇ ಇಬ್ಬರನ್ನೂ ಕಾರಿನಲ್ಲಿ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಮಾತೇ ಮಾತು. ವಾರಕ್ಕಾಗುವಷ್ಟನ್ನು ಈಗಲೇ ಆಡಿಬಿಡುತ್ತೇವೆ ಅಂತ ಅವರ ಆತುರ. ಆಡಿಕೊಳ್ಳಿ, ಆಡಿಕೊಳ್ಳಿ, ಅಂತ ಇವನು ಒಳಗೊಳಗೇ ಅಂದುಕೊಂಡ. ಗೇಟಿನ ಹತ್ತಿರ ಇಳಿಸಿ, ಬ್ಯಾಗು ಒಳಗಿಟ್ಟು, ಹಿಂದಿರುಗುವಾಗ ಹಳೇ ಹಾಡೊಂದನ್ನು ಗುನುಗಿಕೊಂಡ. ಇಷ್ಟು ಖುಷಿ ಅವನಿಗೆ ಕಟ್ಟಡದ ಗೃಹಪ್ರವೇಶದ ದಿನವೂ ಆಗಿರಲಿಲ್ಲ.

ಖುಷಿ ಮನೆಯ ಬೀಗ ತೆಗೆಯುವವರೆಗೆ ಇತ್ತು. ಒಳಗೆ ಕಾಲಿಟ್ಟು, ಭದ್ರಾ ನೀರು ಕೊಡೇ, ಅಂದವನಿಗೆ ತಾನೇನು ಮಾಡಿದೆ ಅಂತ ಆಗ ಹೊಳೆಯಿತು. ಫೋನು ತೆಗೆದಿಟ್ಟುಕೊಳ್ಳುತ್ತಾರೆ ಅಂದರೆ ಮಹಾದೇವಿಯ ಜೊತೆಗಿನ ಮಾತಷ್ಟೇ ಅಲ್ಲ, ತನ್ನ ಜೊತೆಗಿನ ಮಾತೂ ಇಲ್ಲ. ಬೆಳಗ್ಗೆ ದರ್ಶಿನಿಯಲ್ಲಿ ಇಡ್ಲಿ, ಮಧ್ಯಾಹ್ನ ಮೆಸ್ಸಿನ ಅನ್ನ. ಮೂರನೇ ಮನೆಯ ನಲ್ಲಿ ಇನ್ನೂ ಸೋರುತ್ತಿತ್ತು, ಅದನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಆಶ್ರಮದ ಆಫೀಸಿಗೆ ಫೋನು ಹಚ್ಚಿದರೆ, ಚೆನ್ನಾಗಿದ್ದಾರೆ ಸಾರ್, ತುಂಬ ಚೆನ್ನಾಗಿದ್ದಾರೆ ಅಂದರು. ಆ ‘ತುಂಬ’ ಅವನ ನಿದ್ದೆ ಕೆಡಿಸಿತು. ಗಂಡನ ದನಿಯೇ ಕಿವಿಗೆ ಬೀಳದೆ ತುಂಬ ಚೆನ್ನಾಗಿರುವ ಹೆಂಡತಿ ಎಂಥವಳು?

ಕೂತಲ್ಲಿ ನಿಂತಲ್ಲಿ ಅದೇ ಯೋಚನೆ. ತನ್ನ ಕಣ್ಣಿಗೆ ಬೀಳದೆ ಆ ಇಬ್ಬರು ಮಾವಿನ ತೋಪಿನಲ್ಲಿ ಒಟ್ಟಿಗೆ ನಡೆಯುತ್ತಿದ್ದಾರೆ. ಮಾತಿಲ್ಲದಿದ್ದರೇನು, ನೋಟ ಇಲ್ಲವೇ? ಒಬ್ಬಳ ತಟ್ಟೆಯಿಂದ ಇನ್ನೊಬ್ಬಳ ತಟ್ಟೆಗೆ ಹಣ್ಣಿನ ಹೋಳು ದಾಟುತ್ತಿರಬಹುದು. ಮೆಟ್ಟಿಲಿಳಿಯುವಾಗ ಭದ್ರಮ್ಮ ಹಿಡಿದುಕೊಳ್ಳುವುದು ಯಾರ ಕೈ? ಇಷ್ಟು ವರ್ಷದಲ್ಲಿ ತಾನು ಅವಳ ಕೈ ಹಿಡಿದು ಒಂದು ಮೆಟ್ಟಿಲು ಇಳಿಸಿದ್ದು ನೆನಪಾಗಲಿಲ್ಲ, ಅದಕ್ಕೂ ಸಿಟ್ಟು ಬಂದದ್ದು ಮಹಾದೇವಿಯ ಮೇಲೆಯೇ. ಹೊಟ್ಟೆಕಿಚ್ಚಿಗೆ ಕಣ್ಣಿಲ್ಲ ನೋಡಿ, ತನ್ನ ಮನೆಯ ಕನ್ನಡಿಯನ್ನು ಅದು ಯಾವತ್ತೂ ನೋಡಿಕೊಳ್ಳುವುದಿಲ್ಲ.

ಹೀಗೆ ಕುದ್ದು ಕುದ್ದು, ಅವರು ಬರುವ ಹಿಂದಿನ ಸಂಜೆ ಶ್ಯಾಮಣ್ಣ ಎರಡನೇ ಮಹಡಿಗೆ ಹತ್ತಿ ವೇಣಿಯ ಬಾಗಿಲು ತಟ್ಟಿದ. ಹೆಂಡತಿಯ ತಮ್ಮನ ಮಗ ಊರಿಗೆ ಬರುತ್ತಿದ್ದಾನೆ, ಅವನಿಗೆ ಈ ಮನೆ ಬೇಕು, ನೀವು ಬೇರೆ ಕಡೆ ನೋಡಿಕೊಳ್ಳಿ ಅಂದ. ಹೆಂಡತಿಯ ತಮ್ಮನಿಗಿದ್ದದ್ದು ಹೆಣ್ಣುಮಕ್ಕಳು ಮಾತ್ರ ಅನ್ನುವುದು ಬಾಯಿಂದ ಮಾತು ಬಿದ್ದ ಮೇಲೆ ನೆನಪಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಮ್ಮಿಂದ ಏನಾದರೂ ತಪ್ಪಾಯಿತೇ ಅಂಕಲ್ ಅಂತ ವೇಣಿ ಕೇಳಿದಳು. ತಪ್ಪೇನಿಲ್ಲಮ್ಮ ಅಂತ ಹೇಳಿ, ಅವಳ ಮುಖ ನೋಡಲಾರದೆ ಗೋಡೆ ಪಕ್ಕ ಜೋಡಿಸಿಟ್ಟ ಚಪ್ಪಲಿಗಳನ್ನು ನೋಡಿಕೊಂಡು ಇಳಿದು ಬಂದ.

ಮರುದಿನ ಕರೆತರಲು ಹೋದಾಗ ಭದ್ರಮ್ಮ ಗೇಟಿನ ಹತ್ತಿರ ಬೆಂಚಿನ ಮೇಲೆ ಕೂತಿದ್ದಳು. ಅವನು ಕಾರು ನಿಲ್ಲಿಸಿದರೂ ಅವಳಿಗೆ ಎದ್ದೇಳುವ ಅವಸರವಿರಲಿಲ್ಲ. ಕಣ್ಣ ಕೆಳಗಿನ ಕಪ್ಪು ಹೋಗಿತ್ತು. ಚೆನ್ನಾಗಿ ನಿದ್ದೆ ಮಾಡಿ ಎದ್ದ ಮಗುವಿನ ಮುಖ ಇರುತ್ತದಲ್ಲ, ಹಾಗಿತ್ತು. ಮಹಾದೇವಿ ಫೋನುಗಳನ್ನು ಬಿಡಿಸಿಕೊಂಡು ಆಫೀಸಿನಿಂದ ಹೊರಗೆ ಬಂದಳು, ಅವಳ ಹಿಂದೆಯೇ ಮೇಲ್ವಿಚಾರಕರು ಬಂದು ಶ್ಯಾಮಣ್ಣನಿಗೆ ದೂರದಿಂದಲೇ ಕೈಮುಗಿದರು. ಶ್ಯಾಮಣ್ಣ ಬೇಗ ಬೇಗ ಬ್ಯಾಗು ತುಂಬಿ ಕಾರು ಹೊರಡಿಸಿದ.

ಹಿಂದಿನ ಸೀಟಿನಲ್ಲಿ ಈಗ ಮಾತಿರಲಿಲ್ಲ. ವ್ರತ ಮುಗಿದಿತ್ತು, ಆಡಬಹುದಿತ್ತು, ಆದರೂ ಇಬ್ಬರೂ ಕಿಟಕಿಯಾಚೆ ನೋಡುತ್ತ ಸುಮ್ಮನಿದ್ದರು. ಗೆದ್ದೆ ಅಂದುಕೊಂಡ ಶ್ಯಾಮಣ್ಣ. ಟೋಲಿನ ಹತ್ತಿರ ಒಬ್ಬ ಹೆಲ್ಮೆಟ್ಟಿನ ಮೇಲೆ ಹೂವಿನ ಬುಟ್ಟಿ ಹೊತ್ತುಕೊಂಡು ಸ್ಕೂಟರಿನಲ್ಲಿ ಹೋದ. ಕನ್ನಡಿಯಲ್ಲಿ ನೋಡಿದರೆ, ಹೆಂಗಸರಿಬ್ಬರೂ ಅವನನ್ನೇ ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಳ್ಳದೆಯೇ, ಒಟ್ಟಿಗೆ ನಕ್ಕರು. ಸದ್ದಿಲ್ಲದ ನಗು. ಮೊದಲಾದರೆ ಮೆಟ್ಟಿಲ ತಿರುವಿನಲ್ಲಿ ನಿಂತರೆ ಅರ್ಧವಾದರೂ ಕಿವಿಗೆ ಬೀಳುತ್ತಿತ್ತು. ಈಗ ಕದ್ದು ಕೇಳಲಿಕ್ಕೂ ಏನೂ ಉಳಿದಿರಲಿಲ್ಲ. ಬೇಲಿ ಹಾಕಲು ಹೋಗಿ ತಾನೇ ದಾರಿ ಬಿಡಿಸಿಕೊಟ್ಟಿದ್ದ.

ಅಂದು ಮಹಾದೇವಿ ಮಗಳ ಬಾಯಿಂದ ಮನೆ ಖಾಲಿ ಮಾಡುವ ಸುದ್ದಿ ಕೇಳಿರಲೇಬೇಕು. ಇನ್ನೇನು ಭದ್ರಮ್ಮ ಕೆಂಡವಾಗಿ ಒಳಗೆ ಬರುತ್ತಾಳೆ, ನನ್ನ ತಮ್ಮನಿಗೆ ಯಾವ ಮಗ ಅಂತ ಕೇಳುತ್ತಾಳೆ ಅಂತ ಶ್ಯಾಮಣ್ಣ ಕಾದ. ಅವಳು ಬಂದಳು, ಸಾರಿಗೆ ಒಗ್ಗರಣೆ ಹಾಕಿದಳು, ಊಟ ಬಡಿಸಿದಳು, ಮಲಗಿದ ಕೂಡಲೇ ನಿದ್ದೆ ಹೋದಳು. ಮರುದಿನ ಸಂಜೆ ತಾರಸಿಯಿಂದ ಕೂಗಿ ಅವನನ್ನು ಮೇಲೆ ಕರೆದಳು. ಅವಳು ಹಾಗೆ ಕರೆದದ್ದು ಅದೇ ಮೊದಲು. ಇವತ್ತು ತನ್ನ ಮಾನ ಹೋಯಿತು ಅಂತ ಒಂದೊಂದೇ ಮೆಟ್ಟಿಲು ಹತ್ತಿದ.

ಇಬ್ಬರೂ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದರು. ದೂರದಲ್ಲಿ ಮೆಟ್ರೋ ಹಾದುಹೋಯಿತು. ಅದು ದಾಟುವವರೆಗೆ ಕಾದು ಭದ್ರಮ್ಮ ಮಾತಾಡಿದಳು.

“ಅಲ್ಲಿ ಒಂದಿನ ಮರದ ಕೆಳ್ಗೆ ಕೂತಿದ್ದಾಗ ಗೊತ್ತಾಯ್ತು ಕಣ್ರೀ. ಹುಟ್ಟಿದಾಗಿಂದ ಒಂದು ವಾರ ನನ್ನನ್ನ ಯಾರೂ ಏನೂ ಕೇಳ್ದಂಗೆ ಬಿಟ್ಟಿದ್ದೇ ಇಲ್ಲ. ಆಂಟಿ ನೀರು ಬತ್ತಿಲ್ಲ, ಆಂಟಿ ಕೀ ಕೊಡಿ, ಭದ್ರಾ ಕಾಫಿ ತಾ. ಉತ್ರ ಕೊಟ್ಟೂ ಕೊಟ್ಟೂ ನಿದ್ದೇಲೂ ಉತ್ರ ಕೊಡ್ತಿದ್ದೆ. ನನಗೆ ಮಾತೇ ಸಾಕಾಗಿತ್ತು, ಅದು ನನಗೇ ಗೊತ್ತಿರ್ಲಿಲ್ಲ. ಈ ಮಾದೇವಿಗೂ ಗೊತ್ತಾಗ್ಲಿಲ್ಲ, ಇವ್ಳು ಎಣ್ಣೆ ಹಚ್ಚೋ ಕಡೀಕೇ ಓಗಾನ ಅಂತಿದ್ಲು. ನಿಮಗೆ ಎಂಗ್ರೀ ಗೊತ್ತಾಯ್ತು?”

ಯಾವ ಮಾತಿಗಾಗಿ ಶ್ಯಾಮಣ್ಣ ಇಷ್ಟು ದಿನ ಉರಿದು ಬೂದಿಯಾಗಿದ್ದನೋ ಆ ಮಾತು ಇದೇ. ಮಹಾದೇವಿಗೆ ತಿಳಿಯದ ಹೆಂಡತಿಯ ಮನಸ್ಸು ತನಗೆ ತಿಳಿದಿದೆ ಅಂತ ಹೆಂಡತಿಯೇ ಹೇಳುತ್ತಿದ್ದಾಳೆ, ಅದೂ ಮಹಾದೇವಿಯ ಎದುರಿಗೆ. ಈ ಘಳಿಗೆಗಾಗಿ ಅವನು ಒಂದು ಮನೆಯನ್ನು ಬರೆದುಕೊಡಲೂ ಸಿದ್ಧನಿದ್ದ. ಬಂದ ಘಳಿಗೆಯನ್ನು ಮಾತ್ರ ಅವನಿಂದ ನುಂಗಲು ಆಗಲಿಲ್ಲ.

“ಅಂಗೇ... ಅಂದಾಜು,” ಅಂದ.

ಆಗ ಮಹಾದೇವಿ ತಲೆ ಎತ್ತಿ ಅವನನ್ನು ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ.

“ಅಣ್ಣಾರು ಭಾಳ ವಿಚಾರ ಮಾಡೇ ಆರ್ಸ್ಯಾರ್ರಿ ಅಕ್ಕಾರ,” ಅಂದಳು ನಿಧಾನವಾಗಿ. “ಆಫೀಸಿನ್ಯಾವ್ರು ನನಗ ಎಲ್ಲಾ ಹೇಳಿದ್ರು. ಚೀಟಿ ಕೇಳಿದ್ದು, ಕೈಸನ್ನಿ ಕೇಳಿದ್ದು, ಖೋಲಿ ಆ ತುದಿಗೊಂದು ಈ ತುದಿಗೊಂದು ಇರ್ಲಿ ಅಂದಿದ್ದು. ಇಷ್ಟು ಕಾಳಜಿ ಯಾರು ಮಾಡ್ತಾರ್ರಿ?”

ಭದ್ರಮ್ಮನ ಮುಖ ಇನ್ನಷ್ಟು ಅರಳಿತು. ನೋಡ್ದಾ ಮತ್ತೆ, ಅಂತ ಮಹಾದೇವಿಯ ತೊಡೆ ತಟ್ಟಿದಳು. ಶ್ಯಾಮಣ್ಣನಿಗೆ ಆಗ ಹೊಳೆಯಿತು. ಈ ಹೆಂಗಸಿಗೆ ಎಲ್ಲವೂ ಗೊತ್ತು. ಯಾಕೆ ಕೇಳಿದ ಅಂತಲೂ ಗೊತ್ತು, ಮನೆ ಖಾಲಿ ಮಾಡಲು ಹೇಳಿದ್ದೂ ಗೊತ್ತು. ಒಂದೇ ಒಂದು ಮಾತು ಸಾಕಿತ್ತು. ಆ ಮಾತನ್ನು ಅವಳು ಆಡಲಿಲ್ಲ. ರೊಟ್ಟಿಗೆ ಹಿಟ್ಟು ಕಲಸಬೇಕು ಅಂತ ಸೆರಗು ಸಿಕ್ಕಿಸಿಕೊಂಡು ಎದ್ದಳು. ಮೆಟ್ಟಿಲ ಹತ್ತಿರ ಅವನನ್ನು ದಾಟುವಾಗ ಅವನಿಗಷ್ಟೇ ಕೇಳುವ ಹಾಗೆ ಕೇಳಿದಳು.

“ಬ್ಯಾರೆ ಮನಿ ನೋಡ್ಲೇನ್ರಿ ಅಣ್ಣಾರ?”

“ಬ್ಯಾಡಮ್ಮ,” ಅಂದ ಶ್ಯಾಮಣ್ಣ. ಅಷ್ಟು ಸಣ್ಣ ದನಿ ತನ್ನ ಗಂಟಲಲ್ಲಿ ಇದೆ ಅಂತ ಅವನಿಗೇ ತಿಳಿದಿರಲಿಲ್ಲ.

ಅವಳು ತಲೆಯಾಡಿಸಿ ಇಳಿದುಹೋದಳು. ಯಾರ ಮೇಲೆ ಇಷ್ಟು ದಿನ ಹಲ್ಲು ಮಸೆದಿದ್ದನೋ ಅವಳ ಋಣ ಈಗ ಹೆಗಲ ಮೇಲೆ ಕೂತಿತ್ತು. ಅವಳನ್ನು ದ್ವೇಷಿಸುವ ಸುಖವೂ ಕೈಬಿಟ್ಟುಹೋಯಿತು. ತಿರುಗಿ ನೋಡಿದರೆ ಭದ್ರಮ್ಮ ಚಾಪೆಯ ಮೇಲೆ ಸ್ವಲ್ಪ ಸರಿದು, ಮಹಾದೇವಿ ಎದ್ದ ಜಾಗದಲ್ಲಿ ಅಲ್ಲ, ಇನ್ನೊಂದು ಪಕ್ಕದಲ್ಲಿ, ಅವನಿಗಾಗಿಯೇ ಜಾಗ ಬಿಡುತ್ತಿದ್ದಳು. ಬನ್ನಿ ಕೂತ್ಕಳಿ, ಏನೂ ಮಾತಾಡ್ಬ್ಯಾಡಿ, ಅಂದಳು.

ಶ್ಯಾಮಣ್ಣ ಹೋಗಿ ಕೂತ. ಭದ್ರಮ್ಮನ ಭುಜ ಅವನ ಭುಜಕ್ಕೆ ತಗುಲಿತು, ಅವಳು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹೇಳದೆಯೇ ತನ್ನ ಮನಸ್ಸನ್ನು ತಿಳಿದುಕೊಂಡ ಗಂಡ ಪಕ್ಕದಲ್ಲಿದ್ದಾನೆ ಅಂತ ಅವಳು ನೆಮ್ಮದಿಯಾಗಿ ಕಣ್ಣು ಮುಚ್ಚಿದ್ದಳು. ಆ ಗಂಡ ಯಾರೋ, ಎಂಥ ಪುಣ್ಯವಂತನೋ! ಅವನ ಮೇಲೆ ಶ್ಯಾಮಣ್ಣನಿಗೆ, ಮಹಾದೇವಿಯ ಮೇಲೂ ಯಾವತ್ತೂ ಆಗಿರದಷ್ಟು ಹೊಟ್ಟೆಕಿಚ್ಚಾಯಿತು.